ಹ್ರಿಂಚುಕ್ ಅವರ ಟ್ರಕ್ಕಿನ ಎಂಜಿನ್ ಆಫ್ ಮಾಡುವ ಕುರಿತು

ತೈಲ ಸದ್ಬಳಕೆ ಇಲಾಖೆ
ಶಾಖಾ ಕಚೇರಿ, ಪಾಪ್ಲರ್ ಫ್ಲಾಟ್, ಆಲ್ಬರ್ಟಾ

ಸಂಖ್ಯೆ: ತೈಸಇ/ಉಳಿತಾಯ/ಟ್ರಕ್/ಪರಿಷ್ಕೃತ
ದಿನಾಂಕ: ಫೆಬ್ರವರಿ, ಮೈನಸ್ ನಲವತ್ತು ಡಿಗ್ರಿ

ವಿಷಯ: ಮೊದಲ ಹಿಮ ಬಿದ್ದಂದಿನಿಂದ ಒಂದೇ ಸಮನೆ ಚಾಲೂ ಇರುವ ಎಂಜಿನ್ ಬಗ್ಗೆ.
ಉಲ್ಲೇಖ: ಅದನ್ನು ಕೂಡಲೇ ಆಫ್ ಮಾಡುವಂತೆ ಹೊರಡಿಸಿದ್ದ ಹಿಂದಿನ ಸುತ್ತೋಲೆ. (ಪ್ರತಿ ಲಭ್ಯವಿಲ್ಲ. ಕಾರಣಕ್ಕೆ ಕಂಡಿಕೆ ೭ ನೋಡುವುದು.)

ಜಗತ್ತಿನ ತೈಲದಾಹ ದಿನೇ ದಿನೇ ಏರುತ್ತಿದ್ದು, ನೆಲದಡಿಯ ಎಣ್ಣೆಯನ್ನು ಹನಿಹನಿಯಾಗಿ ಜೋಪಾನ ಮಾಡುವುದು ಈ ಇಲಾಖೆಯ ಆದ್ಯ ಕರ್ತವ್ಯವಾಗಿರುತ್ತದೆ. ಹೀಗಿರುವಾಗ, ಎಣ್ಣೆ ಬಾವಿಗಳ ತಪಾಸಕರಾದ ಶ್ರೀ ಓರೆಸ್ಟ್ ಹ್ರಿಂಚುಕ್ ಅವರ ಟ್ರಕ್ಕು ಇಲಾಖೆಯ ಕಿಟಕಿಯ ಕೆಳಗೇ ಗುರುಗುಟ್ಟುತ್ತಿರುವುದು ಗಮನಕ್ಕೆ ಬಂದಿರುತ್ತದೆ.

೧. ಚಳಿಗಾಲಕ್ಕೆ ಮುನ್ನ, ಅಂಗಳದಲ್ಲಿ ಎಂಜಿನ್ನುಗಳನ್ನು ಬೆಚ್ಚಗಿಡಲು ಇದ್ದ ವಿದ್ಯುತ್ ಪ್ಲಗ್ಗುಗಳನ್ನು ಉಳಿತಾಯದ ಅಂಗವಾಗಿ ಕೀಳಿಸಲಾಯಿತು. ತತ್ಪರಿಣಾಮವಾಗಿ ಸಿಬ್ಬಂದಿಯ ವಾಹನಗಳೆಲ್ಲ ನಿಂತಲ್ಲೇ ಹೆಪ್ಪುಗಟ್ಟಿದವು. ಪೆಟ್ರೋಲ್ ಬಳಕೆ ಗಣನೀಯವಾಗಿ ಇಳಿದು ಇಲಾಖೆಗೆ ಪ್ರಶಸ್ತಿ ಬಂದಿರುತ್ತದೆ.

೨. ಆಫ್ ಮಾಡದ ಕಾರಣ ಹ್ರಿಂಚುಕ್ ಅವರ ಟ್ರಕ್ಕೊಂದೇ ಬದುಕಿದ್ದು, ಇಡೀ ಕಚೇರಿ ಅದರಲ್ಲೇ ಹೋಗಿಬಂದು ಮಾಡುತ್ತಿದೆ. ಈ ಅಂಶವನ್ನು ಪ್ರಶಸ್ತಿ ಸಮಿತಿಗೆ ತಿಳಿಸುವ ಅಗತ್ಯ ಕಂಡುಬಂದಿರುವುದಿಲ್ಲ.

೩. ವಿವರಣೆ ಕೇಳಲಾಗಿ, ಸದರಿಯವರು ನಿರ್ದೇಶಕರಿಗೆ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಿದೆ: “ಏನ್ರೀ ಗಾರ್ಡನ್, ಪ್ಲಗ್ ಕೀಳ್ಸಿದ್ದು ನೀವು, ಬೈಸ್ಕೊಳ್ಳೋನು ನಾನಾ? ಒಂದ್ಸಲ ಆಫ್ ಆದ್ರೆ ಈ ಗಾಡಿ ಏಪ್ರಿಲ್‌ವರೆಗೂ ಏಳಲ್ಲ. ಮನೇಲಿ ನನ್ನ ಕಡಸು ಇವತ್ತೋ ನಾಳೆನೋ ಕರು ಹಾಕೋ ಹಾಗಿದೆ. ಚೊಚ್ಚಲು ಬೇರೆ. ನಾನು ಹೋಗ್ದಿದ್ರೆ ಕರು ಹುಟ್ಟಿದ ಜಾಗದಲ್ಲೇ ಕಲ್ಲಾಗುತ್ತೆ, ಗೊತ್ತಾ?” ಆಗ ಅವರ ಕಣ್ಣಿನಲ್ಲಿ ಬಂದ ನೀರನ್ನು ಚಳಿಯದೆಂದು ಪರಿಗಣಿಸಲಾಗಿದೆ.

೪. ಎಂಜಿನ್ ಆಫ್ ಮಾಡಲು ರಚಿಸಿದ ಸಮಿತಿಯು ಟ್ರಕ್ಕಿನೊಳಕ್ಕೆ ಪ್ರವೇಶಿಸಿತು. ಕಚೇರಿಯ ಹೀಟರನ್ನೂ ಉಳಿತಾಯಕ್ಕಾಗಿ ಇಳಿಸಿರುವುದರಿಂದ ಸಮಿತಿ ಈವರೆಗೂ ಹೊರಬಂದಿರುವುದಿಲ್ಲ. ಅಧ್ಯಕ್ಷೆ ಶ್ರೀಮತಿ ಮಾರ್ಲಿಸ್ ಪೆಂಡರ್ ಅವರು ಕಿಟಕಿಯನ್ನು ಕೊಂಚವೇ ಇಳಿಸಿ, “ಪರಿಶೀಲನೆ ನಡೀತಾ ಇದೆ, ಬಾಗ್ಲು ತೆಗೀಬೇಡ್ರಪ್ಪಾ, ಚಳಿ ಒಳಗ್ಬರುತ್ತೆ!” ಎಂದು ಮಧ್ಯಂತರ ವರದಿ ಸಲ್ಲಿಸಿರುತ್ತಾರೆ.

೫. ಸದರಿ ಎಂಜಿನ್ನಿನ ಮೇಲೆ ಪೆರೋಗಿ ಕಡುಬು ಬಿಸಿ ಮಾಡುವವರು ಡಬ್ಬಿಗಳನ್ನು ಸೇವಾ ಜ್ಯೇಷ್ಠತೆಯ ಪ್ರಕಾರ ಇಡತಕ್ಕದ್ದು. ಇನ್ನೊಬ್ಬರ ಪೆರೋಗಿಯ ವಾಸನೆ ನೋಡುವುದನ್ನು ಕರ್ತವ್ಯಲೋಪವೆಂದು ಭಾವಿಸಲಾಗುವುದು.

೬. ಹಾಕಿ ಪಂದ್ಯದ ಮಾತು ತೆಗೆದು ಟ್ರಕ್ಕಿನ ಹೀಟರ್ ಎದುರಿನ ಸೀಟಿನಲ್ಲಿ ಠಿಕಾಣಿ ಹೂಡುವುದನ್ನು ನಿಷೇಧಿಸಲಾಗಿದೆ. ನಿರ್ದೇಶಕರಿಗೆ ವಿನಾಯಿತಿ ಇದೆ.

೭. ಹಿಂದಿನ ಸುತ್ತೋಲೆಯನ್ನು ಖುದ್ದಾಗಿ ಜಾರಿಗೊಳಿಸಲು ನಿರ್ದೇಶಕರು ಇಂದು ಬೆಳಿಗ್ಗೆ, ಸಮಿತಿ ಸಮೇತ, ಹ್ರಿಂಚುಕ್ ಅವರ ಕೊಟ್ಟಿಗೆಯವರೆಗೂ ಟ್ರಕ್ಕಿನಲ್ಲಿ ಪ್ರಯಾಣಿಸಿದರು. ಕೀಲಿಗೆ ಕೈಹಾಕುವಷ್ಟರಲ್ಲಿ ಕಡಸು ಹಿಮದ ಮೇಲೆ ಕರು ಹಾಕಿತು. ನಿರ್ದೇಶಕರು ಕೀಲಿ ಬಿಟ್ಟು ಓಡಿ, ಕರುವನ್ನು ತಮ್ಮ ಕೋಟಿನಲ್ಲಿ ಸುತ್ತಿ ತಂದು, ಹೀಟರ್ ಎದುರು ಮಲಗಿಸಿ, ಒರೆಸಲು ಬೇರೇನೂ ಸಿಗದೆ ಸದರಿ ಸುತ್ತೋಲೆಯಿಂದಲೇ ಒರೆಸಿದರು. ಕರು ಎದ್ದು ನಿಂತಿರುತ್ತದೆ. ಇಲಾಖೆಗೆ ಹೇಳತೀರದಷ್ಟು ಸಂತೋಷವಾಗಿರುತ್ತದೆ.

೮. ಆದುದರಿಂದ ಎಂಜಿನ್ನನ್ನು ಕೂಡಲೇ, ಅಂದರೆ ಹಿಮ ಕರಗಿದ ತರುವಾಯ, ಆಫ್ ಮಾಡತಕ್ಕದ್ದೆಂದು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ. ಪ್ಲಗ್ಗುಗಳನ್ನು ಮರಳಿ ಕೂರಿಸುವ ಪ್ರಸ್ತಾವವನ್ನು, ಪ್ರಶಸ್ತಿ ವಾಪಸು ಹೋದೀತೆಂಬ ಭೀತಿಯಿಂದ ತಡೆಹಿಡಿಯಲಾಗಿದೆ.

ಸಹಿ/-
ಗಾರ್ಡನ್ ಮೆಕ್‌ಲೀಶ್
ನಿರ್ದೇಶಕರು
(ಸಹಿ ನಡುಗಿರುವುದು ಚಳಿಯಿಂದಲ್ಲ, ಎಂಜಿನ್ನಿನಿಂದ.)

ಪ್ರತಿಗಳು:
ಪ್ರಶಸ್ತಿ ಸಮಿತಿಗೆ, ಕಂಡಿಕೆ ೨ನ್ನು ಹೊರತುಪಡಿಸಿ.
ಶ್ರೀ ಓರೆಸ್ಟ್ ಹ್ರಿಂಚುಕ್ ಅವರಿಗೆ, ಚಾಲಕರ ಸೀಟು.
ಎಂಜಿನ್ ಆಫ್ ಸಮಿತಿಗೆ, ಹಿಂದಿನ ಸೀಟು.
ನಿರ್ದೇಶಕರಿಗೆ, ಅದೇ ಸೀಟು, ಸಮಿತಿಯ ತೊಡೆಯ ಮೇಲೆ. ಮುಂದಿನ ಸೀಟನ್ನು ಕರುವಿಗೆ ಮಂಜೂರು ಮಾಡಲಾಗಿದೆ.