ಸರಕಾರಿ ಪರಾತದಲ್ಲಿ ಬರಫ

ಸುಂದರಬಾಯಿಯ ಕುರಿಗಳು ಅವತ್ತು ಬೆಳಿಗ್ಗೆ ಎದ್ದು ಮಾಡಿದ ಮೊದಲ ಕೆಲಸವೆಂದರೆ ಸರಕಾರದ ನೀರು ಕುಡಿದದ್ದು.

ಬೀದರಿನ ಊರಂಚಿನ ಬಯಲಿನಲ್ಲಿ ಹವೆ ಅಳೆಯುವ ಸರಕಾರಿ ಠಾಣೆ ಇತ್ತು. ಠಾಣೆ ಎಂದರೆ ತಗಡಿನ ಒಂದು ಅಗಲ ತೊಟ್ಟಿ, ಕಾಲುಗಳ ಮೇಲೆ ನಿಂತ ಒಂದು ಬಿಳಿ ಜಾಲಿ ಪೆಟ್ಟಿಗೆ, ಮತ್ತು ಅವೆರಡರ ನಡುವೆ ಓಡಾಡುವ ಮಚ್ಛೇಂದ್ರ. ಪೆಟ್ಟಿಗೆಯೊಳಗಿನ ಗಾಜಿನ ಕಡ್ಡಿಗಳು ಗಾಳಿಯ ಬಿಸಿಯನ್ನೂ ತೇವವನ್ನೂ ಹೇಳುತ್ತಿದ್ದವು. ತೊಟ್ಟಿಯ ನೀರನ್ನು ಬಿಸಿಲು ದಿನಕ್ಕೆಷ್ಟು ಹೀರಿತೆಂದು ಅವನು ಅಳೆದು ಬರೆಯಬೇಕಿತ್ತು. ಓಣಿಯವರು ಹಿಟ್ಟು ನಾದುವ ಹರಿವಾಣದಂತಿದ್ದ ತೊಟ್ಟಿಯನ್ನು ಸರಕಾರಿ ಪರಾತವೆಂದೂ, ಪೆಟ್ಟಿಗೆಯನ್ನು ಪಾರಿವಾಳದ ಗೂಡೆಂದೂ ಕರೆಯುತ್ತಿದ್ದರು.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಒಂದೆರಡು ಬೇಸಿಗೆ ಕಳೆದಿದ್ದವು. ನಿಜಾಮರ ಕಾಲದ ನೌಕರರನ್ನೆಲ್ಲ ಹೊಸ ಸರಕಾರ ಗಂಜ್ ಮಾರುಕಟ್ಟೆಯ ತೊಗರಿಯಂತೆ ಮೊರದಲ್ಲಿ ಹಾಕಿ ಕೇರುತ್ತಿತ್ತು. ಇವತ್ತು ಮಚ್ಛೇಂದ್ರನ ಪಾಳಿ. ತಪಾಸಣೆಗೆ ಬರಲಿದ್ದ ಹೈದರಾಬಾದಿನ ದೊಡ್ಡ ಸಾಹೇಬರಾದ ಫಕ್ರೋದ್ದೀನರು ಮೆಚ್ಚಿದರೆ ಬೀದರಿನಲ್ಲೇ ಕಾಯಂ, ಇಲ್ಲವಾದರೆ ಎಲ್ಲಿಗೋ ವರ್ಗ. ವರ್ಗವೆಂದರೆ ಅವನಿಗೆ ಜೀವ ಹೋದಂತೆ. ಒಮ್ಮೆ ಔರಾದಿಗೆ ಮಳೆ ಅಳೆಯಲು ಹೋದವನು, ಸಂಜೆಯಾಗುತ್ತಲೇ ಹೆಂಡತಿ ಶೇವಂತಾಬಾಯಿಯ ಕೈಯ ರೊಟ್ಟಿ ನೆನಪಾಗಿ ನಡೆದುಕೊಂಡೇ ವಾಪಸು ಹೊರಟುಬಿಟ್ಟಿದ್ದ.

"ಅಕ್ಕಾ, ನಿನ್ನ ಕುರಿ ನೀರಲ್ಲ, ನನ್ನ ನೌಕರೀನೇ ಕುಡದ್ವು!" ಎಂದು ಮಚ್ಛೇಂದ್ರ ತಲೆ ಹಿಡಿದುಕೊಂಡ.

"ಒದರಬ್ಯಾಡ ತಮ್ಮಾ," ಎಂದಳು ಪಕ್ಕದ ಮನೆಯ ಸುಂದರಬಾಯಿ. "ಸೂರ್ಯಾ ಕುಡದ್ರ ಬರಕೋತೀದಿ, ನನ್ನ ಕುರಿ ಕುಡದ್ರ ಯಾಕ ಬರಕೊಳಂಗಿಲ್ಲ? ಅವೇನ್ ಪರದೇಶದವಾ?"

ವಾದಕ್ಕೆ ಹೊತ್ತಿರಲಿಲ್ಲ. ಬಾವಿಯಿಂದ ನೀರು ಸೇದಿ ಅಂದಾಜಿನ ಮೇಲೆ ತೊಟ್ಟಿ ತುಂಬಿ, "ನಾ ಬರೋತನ ಯಾರೂ ಇದಕ್ಕ ಕೈ ಹಚ್ಚಬ್ಯಾಡ್ರಿ" ಎಂದು ಕೂಗುತ್ತ ಸಾಹೇಬರನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಓಡಿದ.

ಸುಂದರಬಾಯಿಯ ಬಾಯಿ ಜೋರು, ಮನಸ್ಸು ಮೆತ್ತಗೆ. ಕುರಿ ಮಾಡಿದ ತಪ್ಪಿಗೆ ತಾನಾದರೂ ಏನಾದರೂ ಮಾಡಬೇಕೆನಿಸಿತು. ಬೇಸಿಗೆಯಲ್ಲಿ ಸಾಹೇಬರು ಬಂದರೆ ಅಂಗಳಕ್ಕೆ ನೀರು ಹೊಡೆದು, ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ತೋಯಿಸುವುದು ನಿಜಾಮರ ಕಾಲದಿಂದ ನಡೆದುಬಂದ ಮರ್ಯಾದೆ. ಠಾಣೆಗೆ ಬಾಗಿಲೇ ಇರಲಿಲ್ಲ. ಆದ್ದರಿಂದ ಓಣಿಯವರನ್ನು ಕೂಡಿಸಿ ಪಾರಿವಾಳದ ಗೂಡಿಗೇ ಸುತ್ತ ತಟ್ಟಿ ಕಟ್ಟಿಸಿ ಕೊಡಗಟ್ಟಲೆ ನೀರು ಸುರಿಸಿದಳು. ಗಂಜಿನಲ್ಲಿ ಶರಬತ್ತು ಮಾರುವ ಮಕ್ಬೂಲ, ಹೈದರಾಬಾದಿನಿಂದ ಹೊಟ್ಟಿನಲ್ಲಿ ಮುಚ್ಚಿ ತರಿಸಿದ್ದ ಬರಫದ, ಎಂದರೆ ಮಂಜುಗಡ್ಡೆಯ, ದಿಮ್ಮಿಯನ್ನು ಗೋಣಿಚೀಲದ ಸಮೇತ ಹೊತ್ತು ತಂದ.

"ಸಾಹೇಬ್ರಿಗಿ ಬಾವಿ ನೀರು ಹಂಗೇ ಕುಡಸ್ತೀರೇನ್ರಿ? ನಮ್ಮ ಊರಿನ ಇಜ್ಜತ್ ಏನಾಗಬೇಕು?" ಎಂದವನೇ ದಿಮ್ಮಿಯನ್ನು ಒಡೆದು ಪರಾತಕ್ಕೆ ಹಾಕಿದ.

ಫಕ್ರೋದ್ದೀನ ಸಾಹೇಬರನ್ನು ಟಾಂಗಾದಿಂದ ಇಳಿಸಿದ ಮಚ್ಛೇಂದ್ರನಿಗೆ ನೆಲವೇ ಬಾಯಿಬಿಟ್ಟಂತಾಯಿತು. ಮೇ ತಿಂಗಳ ಬೀದರಿನಲ್ಲಿ ಪೆಟ್ಟಿಗೆಯಿಂದ ತೊಟತೊಟ ನೀರು ಸೋರುತ್ತಿತ್ತು. ಪರಾತದಲ್ಲಿ ಬರಫದ ತುಂಡುಗಳು ಬಾತುಗಳಂತೆ ತೇಲುತ್ತಿದ್ದವು.

ಸಾಹೇಬರು ಕೋಟಿನ ಜೇಬಿನಿಂದ ತಮ್ಮದೇ ಗಾಜಿನ ಕಡ್ಡಿ ತೆಗೆದು ನೀರಲ್ಲಿ ಇಟ್ಟರು, ಬರಫದ ಮೇಲೆ ಇಟ್ಟರು, ಬರಫದ ಮೇಲಿನ ಗಾಳಿಗೆ ಹಿಡಿದರು. ತಟ್ಟಿ ಸರಿಸಿ ಪೆಟ್ಟಿಗೆಯೊಳಗೆ ಇಣುಕಿದರು. ಅವರು ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ. ಅಲ್ಲಿಯ ಕನ್ನಡದಲ್ಲೇ ಕೇಳಿದರು: "ಇದೆಲ್ಲಾ ಯಾರು ಮಾಡಿದ್ರು?"

"ಎಲ್ಲಾ ನಮ್ಮ ಮಚ್ಛೇಂದ್ರಪ್ಪಂದೇ ತಲಿರೀ!" ಎಂದಳು ಸುಂದರಬಾಯಿ, ಪುಣ್ಯ ಕಟ್ಟಿಕೊಳ್ಳುವ ದನಿಯಲ್ಲಿ. ಮಕ್ಬೂಲನೂ ಹೌದೆಂದು ತಲೆಯಾಡಿಸಿದ. ಮಚ್ಛೇಂದ್ರ ಕಣ್ಣು ಮುಚ್ಚಿಕೊಂಡ.

"ಶಾಭಾಶ್!" ಸಾಹೇಬರ ಕೈ ಅವನ ಬೆನ್ನಿಗೆ ಬಿತ್ತು. "ದಕ್ಷಿಣ ಧ್ರುವದ ಕಡಿ ಒಂದು ಸಮುದ್ರ ಅದ. ಕೆಳಗ ನೀರು, ನಡುವ ಬರಫದ ಹಾಸಿಗಿ, ಮ್ಯಾಲ ಗಾಳಿ. ನೀರಿನ ಬಿಸಿ ಬರಫ ದಾಟಿ ಗಾಳಿಗಿ ಎಷ್ಟು ಹೋಗ್ತದ, ತೇವ ಎಷ್ಟು ಏರ್ತದ, ಅಳೀಬೇಕು. ಪರದೇಶದ ಜಹಾಜ ಹೊಂಟದ, ಒಬ್ಬಾಂವನ್ನ ಕಳಸ್ರಿ ಅಂದಾರ. ಊರೂರು ತಿರಗಿದೆ. ಬರಫ ಅಂದ್ರ ಎಲ್ಲಾರೂ ಶರಬತ್ತೇ ನೆನಸ್ತಾರ. ನೀ ಒಬ್ಬಾಂವ ಪರಾತದಾಗ ಸಮುದ್ರಾನೇ ಕಟ್ಟೀದಿ!"

ಮಚ್ಛೇಂದ್ರ ಅವರ ಕಾಲಿಗೆ ಬಿದ್ದ. "ಸಾಹೇಬ್ರ, ಖರೇ ಹೇಳ್ತೇನಿ. ನೀರು ಕುರಿ ಕುಡದಾವ್ರಿ. ತಟ್ಟಿ ಆ ಅಕ್ಕ ಕಟ್ಸ್ಯಾಳ್ರಿ. ಬರಫ ಶರಬತ್ತಿಂದೇ ಅದರಿ! ನನಗ ಇದ್ರಾಗ ಏನೂ ಗೊತ್ತಿಲ್ರಿ!"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೋಪಿ ಕೆಳಗೆ ಬಿತ್ತು. "ಮಜಾಕೂ ಬರ್ತದ ನಿನಗ! ಜಹಾಜದಾಗ ತಿಂಗಳಗಟ್ಲಿ ಅವೇ ಮಾರಿ ನೋಡಕೋತ ಇರಬೇಕು. ಹಿಂಗ ನಗಸಾಂವ ಬೇಕೇ ಬೇಕು."

"ಮತ್ತ... ಬೀದರದಾಗ ಕಾಯಂ ಮಾಡೋದ್ರಿ?"

"ಇವತ್ತೇ ಮಾಡ್ದೆ! ಕಾಯಂ ಇಲ್ಲದಾಂವನ್ನ ಜಹಾಜ ಹತ್ತಸಂಗಿಲ್ಲ."

ಬಯಲಿನಂಚಿನ ತಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ ಶೇವಂತಾಬಾಯಿ ಸೆರಗು ಸರಿಮಾಡಿಕೊಂಡು ಕೇಳಿದಳು: "ಅಲ್ಲಿ ಜ್ವಾಳದ ಹಿಟ್ಟು ಸಿಗ್ತದೇನ್ರಿ?"

ಸಾಹೇಬರು ಕೆಳಗೆ ಬಿದ್ದ ಟೋಪಿ ಎತ್ತಿಕೊಳ್ಳುವಷ್ಟರಲ್ಲಿ ಸುಂದರಬಾಯಿ ಮನೆಗೆ ಓಡಿ, ದಪ್ಪನೆಯ ಕರಿ ಕಂಬಳಿ ತಂದು, ಉರಿಬಿಸಿಲಿನಲ್ಲಿ ಮಚ್ಛೇಂದ್ರನಿಗೆ ಹೊದಿಸಿದಳು.

"ಥಂಡಿ ಊರಂತ. ಇಟ್ಕೋ ತಮ್ಮಾ, ಮುಂಜಾನಿ ನಿನ್ನ ನೀರು ಕುಡದ್ವಲ್ಲ, ಅವೇ ಕುರಿ ಉಣ್ಣೆದು."

ಅವನ ಬೆನ್ನ ಹಿಂದೆ ಆ ಕುರಿಗಳು ಪರಾತಕ್ಕೆ ಮತ್ತೆ ಬಾಯಿ ಹಾಕಿದ್ದವು. ಈ ಸಲ ನೀರು ತಣ್ಣಗಿತ್ತು.