ಮುಖ ಮುಟ್ಟದ ವ್ರತ

ದುಃಖವನ್ನು ತಡೆದುಕೊಳ್ಳಬಹುದು, ಅನುಕಂಪವನ್ನು ತಡೆದುಕೊಳ್ಳುವುದು ಕಷ್ಟ. ನಮ್ಮ ಯಜಮಾನರು ತೀರಿಕೊಂಡು ವರ್ಷ ತುಂಬಿದ ಮೇಲೂ ಕಂಡವರೆಲ್ಲ "ಪಾಪ, ರಾತ್ರಿಯೆಲ್ಲ ಅತ್ತಿದ್ದೀರಿ" ಎನ್ನುತ್ತಿದ್ದರು. ಅಳುವ ದಿನ ಅಳುತ್ತಿದ್ದೆ, ಸುಳ್ಳಲ್ಲ. ಆದರೆ ಎಂಟು ಗಂಟೆ ಗೊರಕೆ ಹೊಡೆದು ಎದ್ದ ದಿನವೂ ಅದೇ ಮಾತು! ತಪ್ಪು ನನ್ನದಲ್ಲ, ಕಣ್ಣಿನ ಕೆಳಗಿನ ಎರಡು ಗುಳಿಗಳದ್ದು. ನಾದಿನಿಯ ಮಗಳ ನಿಶ್ಚಿತಾರ್ಥಕ್ಕೆ ನಾಲ್ಕು ವಾರವಿತ್ತು. ಅಲ್ಲಿ ಇನ್ನೂರು ಜನರಿಂದ ಇನ್ನೂರು "ಪಾಪ" ಕೇಳಲಾರೆನೆಂದು ಅಡ್ಯಾರಿನ ಚರ್ಮದ ಡಾಕ್ಟರ ಹತ್ತಿರ ಹೋಗಿ, ಗುಳಿ ತುಂಬಿಸುವ ಫಿಲ್ಲರ್ ಸೂಜಿ ಹಾಕಿಸಿಕೊಳ್ಳುವುದೆಂದು ನಿಶ್ಚಯಿಸಿದೆ.

ಮಗಳ ವಯಸ್ಸಿನ ತಮಿಳು ಡಾಕ್ಟರಮ್ಮ ಸೂಜಿಯಿಂದ ಕಣ್ಣಡಿ ನೀಲಿಗಟ್ಟಬಹುದು, ಇಳಿಯಲು ಎರಡು ವಾರ ಬೇಕಾದೀತು ಎಂದರು. ನೀಲಿ ಕಣ್ಣಿಗೆ ಇಮ್ಮಡಿ "ಪಾಪ" ಖಂಡಿತ. ಹಾಗಾಗಿ ಅವರು ಹೇಳಿದ್ದನ್ನೆಲ್ಲ ವ್ರತದಂತೆ ಹಿಡಿದೆ. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ, ಬರೆದುಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದಂತೆ. ನನಗೆ ಅದಿರಲಿಲ್ಲ. ಯಜಮಾನರ ಹೃದಯ ನಿಂತ ಮೇಲೆ ಹೆದರಿ ನಾನಾಗಿಯೇ ನುಂಗುತ್ತಿದ್ದ ಬೆಳ್ಳುಳ್ಳಿ ಮಾತ್ರೆಯಿತ್ತು, ಅದೂ ರಕ್ತ ತೆಳುವಾಗಿಸುತ್ತದಂತೆ, ಸೂಜಿಗೆ ಹತ್ತು ದಿನ ಮೊದಲೇ ಬಿಟ್ಟೆ. ಸೂಜಿಯ ನಂತರ ತೆಳುಬಟ್ಟೆಯಲ್ಲಿ ಐಸು ಸುತ್ತಿ ಮೆಲ್ಲಗೆ ಇಟ್ಟುಕೊಂಡೆ. ಬಗ್ಗಲಿಲ್ಲ, ಭಾರ ಎತ್ತಲಿಲ್ಲ. ಮಲಗುವಾಗ ತಲೆ ಎತ್ತರದಲ್ಲಿರಬೇಕಿತ್ತು. ಮನೆಯಲ್ಲಿದ್ದ ಇನ್ನೊಂದು ದಿಂಬು ಅವರದು, ವರ್ಷದಿಂದ ಮುಟ್ಟಿರಲಿಲ್ಲ. ವ್ರತವೆಂದರೆ ವ್ರತ ಎಂದುಕೊಂಡು ತಲೆಯಡಿಗೆ ಇಟ್ಟುಕೊಂಡೆ. ಎಲ್ಲಕ್ಕಿಂತ ದೊಡ್ಡ ನಿಯಮ ಮಾತ್ರ ತಮಿಳಿನಲ್ಲಿ ಬಂದಿತ್ತು: "ಆಂಟಿ, ತೇಯ್ಕವೇ ಕೂಡಾದು!" ಅಂದರೆ ಉಜ್ಜಲೇ ಕೂಡದು. ಪೆಟ್ಟಾದ ಜಾಗವನ್ನು ಮೊದಲು ಚೆನ್ನಾಗಿ ಉಜ್ಜುವ ವಂಶ ನಮ್ಮದು.

ಮರುದಿನವೇ ಸೌಕಾರ್‌ಪೇಟೆಯಿಂದ ಓರಗಿತ್ತಿ ಬಂದರು. ನಮ್ಮಲ್ಲಿ ಸಮಾಧಾನ ಹೇಳುವುದು ಬಾಯಿಂದಲ್ಲ, ಹೆಬ್ಬೆರಳಿಂದ. ಬಾಗಿಲಲ್ಲೇ "ಒಬ್ಬಳೇ ಹೇಗಿರ್ತೀಯೇ ಸರೋಜಾ!" ಎಂದು ನನ್ನ ಮುಖ ಹಿಡಿದು, ಇಲ್ಲದ ಕಣ್ಣೀರನ್ನು ಒರೆಸಲು ಎರಡೂ ಹೆಬ್ಬೆರಳು ಎತ್ತಿದರು. ನಾನು ಹಿಂದಕ್ಕೆ ಹಾರಿದೆ.

"ಮುಟ್ಬೇಡಿ ಅಕ್ಕಾ!"

"ಯಾಕೇ, ನಾನೇನು ಮೈಲಿಗೇನಾ?"

"ಸೂಜಿ ಹಾಕಿಸ್ಕೊಂಡಿದೀನಿ. ಒತ್ತಿದ್ರೆ ನೀಲಿಗಟ್ಟತ್ತೆ."

"ಈ ವಯಸ್ಸಲ್ಲಿ ಯಾರಿಗೇ ತೋರಿಸ್ಬೇಕು?"

"ಯಾರೂ ಪಾಪ ಅನ್ಬಾರ್ದು, ಅಷ್ಟೇ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತು, ಮೈದುನನನ್ನು ನೆನೆದು ಹಾಗೆಯೇ ಅತ್ತರು. ಒಮ್ಮೆ ಬಲಗೈ ತಪ್ಪಿಸಿಕೊಂಡು ಮೇಲೆದ್ದಾಗ ಅದಕ್ಕೆ ತಾವೇ ಒಂದೇಟು ಕೊಟ್ಟರು.

ವ್ರತ ಫಲಿಸಿತು. ಎಡಗಣ್ಣಿನಡಿ ಹೆಸರುಕಾಳಿನಷ್ಟು ಆಗಿದ್ದ ಕಲೆ ವಾರದೊಳಗೆ ಮಾಯವಾಯಿತು. ನಿಶ್ಚಿತಾರ್ಥದಲ್ಲಿ ಎಲ್ಲರೂ "ಎಷ್ಟು ಚೆನ್ನಾಗಿದೀರಿ!" ಎಂದರು, ಹಾಗೇ ಮುಂದೆ ಹೋದರು. ಒಬ್ಬರೂ ಅಯ್ಯೋ ಎನ್ನಲಿಲ್ಲ. ಒಬ್ಬರೂ ಯಜಮಾನರ ಹೆಸರೆತ್ತಲಿಲ್ಲ. ಅವರೆಂಬವರು ಇದ್ದೇ ಇರಲಿಲ್ಲವೇನೋ ಎಂಬಂತೆ ಮಧ್ಯಾಹ್ನವಾಯಿತು. ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿ ಗಂಡಿನ ಕಡೆಯ ಹೆಂಗಸೊಬ್ಬರು, ಗುರುತಿಲ್ಲದವರು. "ನಮ್ಮವರು ಹಪ್ಪಳ ಕೊನೆಗೆ ಅಂತ ಎತ್ತಿಟ್ಟು, ಮೆತ್ತಗಾಯ್ತು ಅಂತ ನನ್ನ ಮೇಲೆ ರೇಗೋರು" ಎಂದು ಕೇಳದಿದ್ದರೂ ಶುರುಮಾಡಿದೆ. ಸಾರು ಬರುವ ಹೊತ್ತಿಗೆ ಆಕೆಯ ಕಣ್ಣು ತುಂಬಿತ್ತು. ಮಜ್ಜಿಗೆ ಬರುವುದರೊಳಗೆ ಆಸ್ಪತ್ರೆಯ ಕಥೆಯನ್ನೂ ಮುಗಿಸಿಬಿಡೋಣವೆಂದು ನಾನು ಆಕೆಯ ಕಡೆಗೆ ಇನ್ನಷ್ಟು ಸರಿದು ಕೂತೆ.