ನೋಡೋ ಗಿಡ

ಬೆಳಿಗ್ಗೆ ಎದ್ದು ಪೇಪರ್ ಓದುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಗಿಡ ಓದುವವರನ್ನು ನೋಡಿದ್ದೀರಾ? ನಮ್ಮ ಸೋದರಮಾವ ಓದುತ್ತಿದ್ದರು! ಅದೂ ಮನಸ್ಸಿನಲ್ಲಲ್ಲ, ಬಿಳಿಗೆರೆಯ ಅರ್ಧ ಬೀದಿಗೆ ಕೇಳುವಂತೆ, ಒಂದೊಂದೇ ಎಲೆ ಹಿಡಿದು, ಗಟ್ಟಿಯಾಗಿ.

ಹಾಗಂತ ಅವರೇನು ಹುಟ್ಟಾ ಗಿಡಪ್ರೇಮಿಯಲ್ಲ. ಅವರ ಪ್ರಕಾರ ಜಗತ್ತಿನಲ್ಲಿ ಗಿಡ ಎರಡೇ ಜಾತಿ: ಒಂದು ತೆಂಗು, ಇನ್ನೊಂದು ಕಿತ್ತುಹಾಕಬೇಕಾದ್ದು. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಬಾಗಿಲ ಮುಂದೆ ಒಂದು ಕ್ರೋಟನ್ ಬೇಕೆಂದು ಕೇಳಿದ್ದರಂತೆ. ಅವರು ಬೆಳೆದದ್ದು ತುಮಕೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಮನೆಮನೆಯ ಮುಂದೂ ಬಣ್ಣದೆಲೆಯ ಗಿಡ. "ಕಾಯಿ ಬಿಡ್ತದಾ?" ಎಂದರಂತೆ ಮಾವ. ಇಲ್ಲ. "ಹೂವು ಮುಡ್ಕೊಬೋದಾ?" ಅದೂ ಇಲ್ಲ. "ದನನಾದ್ರೂ ತಿಂತಾವಾ?" ಊಹೂಂ. "ಬುಡು ಅತ್ಲಾಗೆ!" ಎಂದು ತೋಟಕ್ಕೆ ಹೋದವರು ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಅತ್ತೆಯೂ ಎತ್ತಲಿಲ್ಲ.

ಎತ್ತಿದ್ದು ಎಷ್ಟೋ ವರ್ಷಗಳ ಮೇಲೆ, ಅತ್ತೆಯ ಕಣ್ಣು ಮಂಜಾಗತೊಡಗಿದಾಗ. ಡಾಕ್ಟರು ನರ ಒಣಗಿದೆ, ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ, "ಪೂರ್ತಿ ಹೋಗೋಕ್ ಮುಂಚೆ ಆ ಎಲೆ ಒಂದ್ಸಲ ನೋಡ್ಬೇಕಿತ್ತು ಕಣ್ರೀ" ಎಂದರಂತೆ. ಅಷ್ಟೇ. ಮಾರನೆಯ ದಿನ ಮಾವ ಊರಿನಿಂದಲೇ ನಾಪತ್ತೆ!

ಅವರು ಹೋಗಿದ್ದು ಚಿಕ್ಕನಾಯಕನಹಳ್ಳಿಗೆ. ಅಲ್ಲಿನ ಪ್ರವಾಸಿ ಮಂದಿರದ ಮಾಲಿಯನ್ನು ಕಾಡಿ ಬೇಡಿ, ಡಾಲ್ಡಾ ಡಬ್ಬದಲ್ಲಿ ಒಂದು ಕ್ರೋಟನ್ ಗಿಡ ಹಾಕಿಸಿಕೊಂಡು, ಮದುಮಗನ ಗಾಂಭೀರ್ಯದಲ್ಲಿ ಬಸ್ ಹತ್ತಿದರು. ನಾನಾಗ ತಿಪಟೂರಿನಲ್ಲಿ ಕಾಲೇಜು ಓದುತ್ತಿದ್ದೆ. ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವನ ಕಣ್ಣಿಗೆ ಬಿದ್ದದ್ದು ಮಾವನಲ್ಲ, ಅಲ್ಲಿ ಬಸ್ ಬದಲಿಸಲು ಇಳಿದಿದ್ದ ಮಾವನ ಸುತ್ತ ನೆರೆದಿದ್ದ ಜನ.

"ಯಾವ ತಳಿ ಸಸಿ ಯಜಮಾನ್ರೇ?"

"ತಳಿಗಿಳಿ ಇಲ್ಲ ಕಣಪ್ಪ. ನೋಡೋ ಗಿಡ."

"ನೋಡಿ?"

"ನೋಡೋದು!"

"ಅದ್ಸರಿ, ನೋಡಾದ್ ಮೇಲೆ?"

"ಇನ್ನೊಂದ್ಸಲ ನೋಡೋದು ಕಣ್ಲಾ!"

ಕೊಬ್ಬರಿ ವ್ಯಾಪಾರದ ಊರಿನ ಜನ ಇಂಥ ದಡ್ಡ ಲೆಕ್ಕಾಚಾರವನ್ನು ಹಿಂದೆಂದೂ ಕೇಳಿರಲಿಲ್ಲ. ಬಸ್ಸು ಬರುವವರೆಗೂ ನಕ್ಕರು. ಗಿಡದ ಹಾಲು ತಾಗಿ ಮಾವನ ಬಿಳಿ ಪಂಚೆಯೆಲ್ಲ ಕಂದು ಕಲೆ. ಅವರು ಮಾತ್ರ ಒಂದು ಎಲೆಗೂ ಏಟಾಗದಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಮನೆ ಸೇರಿಸಿದರು.

ಅತ್ತೆ ಆ ಎಲೆಗಳನ್ನು ಕೆಲವು ತಿಂಗಳು ನೋಡಿದರು, ಕಣ್ಣಿಗೆ ಹತ್ತಿರ ಹತ್ತಿರ ಹಿಡಿದುಕೊಂಡು. ಆಮೇಲೆ ಕೆಂಪಷ್ಟೇ ಕಾಣುತ್ತಿತ್ತು. ಆಮೇಲೆ ಅದೂ ಇಲ್ಲ. ಆಗಲೇ ಮಾವ ಗಿಡ ಓದಲು ಶುರುಮಾಡಿದ್ದು. ಅತ್ತೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂರುವುದು, ಮಾವ ಗಿಡದ ಮುಂದೆ ನಿಂತು ವರದಿ ಒಪ್ಪಿಸುವುದು.

"ತುದೀಲಿರೋವು ಇನ್ನೂ ಹಸರು. ಅದರ ಕೆಳಗಿನದಕ್ಕೆ ಅರಿಶಿನದ ಗೆರೆ ಬಿದ್ದೈತೆ. ಅದ್ರ ಪಕ್ಕದ್ದು ನಿನ್ನೆ ಹಳದಿ ಇತ್ತಲ್ಲ, ಇವತ್ತು ಗೆಂದಾಳಿ ಎಳನೀರಿನ ಕೇಸರಿ ಬಣ್ಣಕ್ಕೆ ತಿರುಗೈತೆ ಕಣೇ!"

ಎದುರುಮನೆಯವರು, "ಎಲೆ ಸಮಾಚಾರ ಮುಗೀತಾ? ಹವಾ ವರದಿ ಹೇಳಾಕಿಲ್ವಾ?" ಎಂದು ಕಾಲೆಳೆಯುತ್ತಿದ್ದರು. ಮಾವ ಕ್ಯಾರೇ ಅನ್ನುತ್ತಿರಲಿಲ್ಲ.

ಇಷ್ಟಾದ ಮೇಲೆ ಗಿಡಕ್ಕೆ ಡಬ್ಬ ಸಾಲದು ಅನ್ನಿಸಿತು ನೋಡಿ, ಅಲ್ಲಿಗೆ ಕೆಟ್ಟಿತು! ಅಂಗಳದಲ್ಲಿ ತೆಂಗಿನ ಸಸಿಗೆ ತೋಡುವಂಥದೇ ಗುಂಡಿ ತೋಡಿದರು. ಕೆರೆಯ ಗೋಡು ಮಣ್ಣು ಹಾಕಿದರು, ಬೂದಿ ಹಾಕಿದರು, ತೆಂಗಿನ ಗುಂಡಿಗೆ ಹಾಕುವ ಹಾಗೆ ಉಪ್ಪನ್ನೂ ಬೊಗಸೆ ಬೊಗಸೆ ಸುರಿದರು. ನಮ್ಮ ಕಡೆಯವರಿಗೆ ಪ್ರೀತಿ ಬಂದರೆ ಹೀಗೇ, ಯಾರನ್ನಾದರೂ ತೆಂಗಿನ ಮರವೆಂದೇ ತಿಳಿದು ಉಪಚರಿಸುತ್ತಾರೆ. ಪಾಪ, ಕ್ರೋಟನ್ನಿಗೆ ಅದೆಲ್ಲಿ ಗೊತ್ತಾಗಬೇಕು?

ಮುಂದಿನ ಸಲ ನಾನು ಹೋದದ್ದು ಒಂದು ಭಾನುವಾರದ ಬೆಳಿಗ್ಗೆ. ಅತ್ತೆ ಜಗಲಿಯಲ್ಲಿದ್ದರು. ಮಾವ ಅಂಗಳದಲ್ಲಿ ನಿಂತು ಓದುತ್ತಿದ್ದರು. ಅವರ ಮುಂದೆ ಇದ್ದದ್ದು ಬರೀ ಮೂರು ಒಣ ಕಡ್ಡಿ! ಒಂದೇ ಒಂದು ಎಲೆಯಿಲ್ಲ.

"ಇದೊಂದು ನೋಡು, ನಿನ್ನ ಧಾರೆ ಸೀರೆ ಅಂಚಿತ್ತಲ್ಲ, ಅದೇ ಬಣ್ಣ. ಕೆಂಪೂ ಅಲ್ಲ, ಕುಂಕುಮಾನೂ ಅಲ್ಲ. ನಡೂಕೆ ಸಣ್ಣ ಜರಿ ಎಳೆ ಹಂಗೆ ಹಳದಿ..."

"ಮಾವ, ಇದ್ರಲ್ಲಿ..." ಎಂದು ಬಾಯಿ ತೆರೆದೆ. ಅವರು ತಿರುಗಿ ಎರಡೂ ಕೈ ಮುಗಿದುಬಿಟ್ಟರು. ಊರಿನ ಪಂಚಾಯಿತಿಯಲ್ಲೂ ಯಾರಿಗೂ ತಲೆಬಾಗದ ಮನುಷ್ಯ! ನಾನು ಹೋಗಿ ಜಗಲಿಯ ಆ ತುದಿಯಲ್ಲಿ ಕೂತೆ.

ಅವರು ತೋಟಕ್ಕೆ ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು.

"ಒಂದೆಲೇನೂ ಇಲ್ಲ, ಅಲ್ವೇನ್ಲಾ?"

ನಾನು ಕಡ್ಡಿಗಳ ಕಡೆ ನೋಡಿದೆ.

"ಅಂಗಳ ಗುಡಿಸೋಳು ನಾನೇ ಅಲ್ವಾ. ಉದುರಿದ್ದೆಲ್ಲ ನನ್ನ ಪೊರಕೆಗೇ ಸಿಕ್ಕಾವೆ. ನೀನು ಮಾತ್ರ ನಿಮ್ಮಾವನ ಹತ್ರ ಬಾಯಿ ಬುಡಬ್ಯಾಡ."

"ಯಾಕತ್ತೆ?"

"ಹೇಳಿದ್ರೆ ನಿಲ್ಲಿಸಿಬುಡ್ತಾರೆ ಕಣೋ. ಇಷ್ಟು ವರ್ಷ ಅವರು ನನ್ನ ತಾವ ಆಡಿದ ಮಾತೆಲ್ಲಾ ಕಾಯಿ, ಕೊಬ್ಬರಿ, ಮಟ್ಟೆ. ನನ್ನ ಧಾರೆ ಸೀರೆ ಅಂಚು ಅವರಿಗೆ ನೆನಪೈತೆ ಅಂತ ನಂಗೇನು ಗೊತ್ತಿತ್ತು?" ಎಂದು ಆ ಕಡ್ಡಿಗಳ ದಿಕ್ಕಿಗೇ ಮುಖ ಮಾಡಿ ಕೂತರು. "ನಾಳೆ ಯಾವ ಬಣ್ಣ ಹೇಳ್ತಾರೋ ಅಂತ ಆಸೆ ಕಣ್ಲಾ. ರಾತ್ರಿಯೆಲ್ಲಾ ಅದ್ಕೇ ಕಾಯ್ತೀನಿ."

ಈಗ ಅವರಿಬ್ಬರೂ ಇಲ್ಲ. ನನ್ನ ಮನೆಯ ಮುಂದೆ ಸೊಂಪಾದ ಕ್ರೋಟನ್ ಇದೆ, ಮೈತುಂಬ ಎಲೆ. ನನ್ನ ಕಣ್ಣೂ ಚೆನ್ನಾಗಿಯೇ ಇದೆ. ಆದರೂ ಬೆಳಗಿನ ಕಾಫಿ ಹಿಡಿದು ಅದರ ಮುಂದೆ ಕೂತಾಗಲೆಲ್ಲ, ಯಾರಾದರೂ ಇದನ್ನು ನನಗೆ ಒಂದು ಸಲ ಓದಿ ಹೇಳಬಾರದೇ ಅನ್ನಿಸುತ್ತದೆ.